ಜಪಾನಿನ ಬಡಗಿ ಡಿಸೆಂಬರಿನಲ್ಲಿ ಹತ್ಯಾರು ಎತ್ತಿಡುವ ಬಗೆ

ನಮ್ಮಲ್ಲಿ ಆಯುಧಪೂಜೆಯ ಹಿಂದಿನ ದಿನ ಬಡಗಿಯ ಶೆಡ್ಡಿನಲ್ಲಿ ಕಾಣುವ ಗಡಿಬಿಡಿ ಜಪಾನಿನಲ್ಲಿ ಹೊಸ ವರ್ಷದ ಮುನ್ನ, ಡಿಸೆಂಬರ್ ಕೊನೆಗೆ ಕಾಣುತ್ತದೆ. ಆದರೆ ಅಲ್ಲಿ ಪೂಜೆ ಮುಗಿದ ಮೇಲೆ ಸುಮಾರು ಒಂದು ವಾರ ಶೆಡ್ಡಿಗೆ ಬೀಗ. ಟೋಕಿಯೊ ಕಡೆಯ ಚಳಿಗಾಲವೋ ತುಟಿ ಒಡೆಯುವಷ್ಟು ಒಣ. ಉಕ್ಕು, ಮರ, ಸಾಣೆಕಲ್ಲು ಮೂರನ್ನೂ ಆ ಒಂದು ವಾರ ಯಾರೂ ಮುಟ್ಟುವುದಿಲ್ಲ ಎಂಬ ಲೆಕ್ಕದಲ್ಲೇ ಎತ್ತಿಡಬೇಕು.

ದಿನವನ್ನು ಹಿಂದಿನಿಂದ ಎಣಿಸಿ

ಹೊಸ ವರ್ಷದ ಅಲಂಕಾರ ಕಟ್ಟಲು ಒಳ್ಳೆಯ ದಿನ ಡಿಸೆಂಬರ್ 28. ಜಪಾನಿ ಲಿಪಿಯಲ್ಲಿ ಎಂಟರ ಎರಡು ಗೆರೆಗಳು ಕೆಳಕ್ಕೆ ಬಂದಂತೆ ಅಗಲವಾಗುತ್ತವೆ. ಅದು ಏಳಿಗೆಯ ಗುರುತು. 29 ಬೇಡ, ಒಂಬತ್ತನ್ನೂ ಸಂಕಟವನ್ನೂ ‘ಕು’ ಎಂದೇ ಉಚ್ಚರಿಸುತ್ತಾರೆ. 30 ನಡೆಯುತ್ತದೆ. 31ಕ್ಕೆ ಕಟ್ಟಿದರೆ ‘ಒಂದು ರಾತ್ರಿಯ ಅಲಂಕಾರ’, ಸಾವಿನ ಮನೆಯ ಅವಸರದಂತೆ ಎನ್ನುತ್ತಾರೆ. ಹಾಗಾಗಿ ಹತ್ಯಾರಿನ ಕೆಲಸ 27ರ ಸಂಜೆಗೆ ಮುಗಿದಿರಬೇಕು. ವರ್ಷದ ಹೊಗೆಮಸಿ, ಧೂಳು ಗುಡಿಸುವ ‘ಸುಸುಹರಾಯಿ’ ಹಿಂದೆ ಎದೊ (ಇಂದಿನ ಟೋಕಿಯೊ) ಕೋಟೆಯಲ್ಲಿ ಹಳೆಯ ಪಂಚಾಂಗದ ಹನ್ನೆರಡನೇ ತಿಂಗಳ 13ಕ್ಕೆ ನಡೆಯುತ್ತಿತ್ತು. ಈಗಿನ ಬಡಗಿಗಳು ಅದನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ.

ಮೊದಲು ಧೂಳು, ಆಮೇಲೆ ಎಣ್ಣೆ

ಗೋಡೆಯ ಮೇಲಿನ ದೇವರ ಹಲಗೆ ‘ಕಮಿದಾನ’ವನ್ನು ಒಣಬಟ್ಟೆಯಲ್ಲಿ ಒರೆಸಿ. ಅಲ್ಲಿಂದ ತೊಲೆ, ದೀಪ, ಕಪಾಟು, ನೆಲ, ಹೀಗೆ ಮೇಲಿನಿಂದ ಕೆಳಕ್ಕೆ ಬನ್ನಿ. ಪ್ಲಗ್ಗುಗಳನ್ನು ಕಿತ್ತು ಪಿನ್ನುಗಳ ನಡುವಿನ ಧೂಳು ತೆಗೆಯಿರಿ. ಆ ಧೂಳು ತೇವ ಹೀರಿದರೆ ಅದರ ಮೂಲಕ ಕರೆಂಟು ಹರಿದು ಬೆಂಕಿ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆ, ಟಂಗ್ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಟ್ಟರೆ ತಾವಾಗಿಯೇ ಉರಿಯಬಹುದು. ನೀರಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ. ಗುಡಿಸಿದ ದಿನವೇ ಹತ್ಯಾರಿಗೆ ಎಣ್ಣೆ ಹಚ್ಚಬೇಡಿ. ನುಣ್ಣನೆಯ ಮರದ ಪುಡಿ ರಾತ್ರಿಯಿಡೀ ಇಳಿಯುತ್ತಿರುತ್ತದೆ. ಎಣ್ಣೆಗೆ ಅಂಟಿದ ಪುಡಿ ತೇವ ಹಿಡಿದರೆ ಅದರಡಿಯೇ ತುಕ್ಕು.

ಕೀಸುಳಿ

ಹೆಚ್ಚು ಸಮಯ ತಿನ್ನುವುದು ಇದೇ. ನಮ್ಮ ಕಡೆ ತೋಪಡ ಎಂದೂ ಕರೆಯುವ ಈ ಹತ್ಯಾರಕ್ಕೆ ಜಪಾನಿನಲ್ಲಿ ‘ಕನ್ನ’ ಎಂದು ಹೆಸರು. ಅದನ್ನು ನೂಕುವುದಿಲ್ಲ, ತನ್ನ ಕಡೆಗೆ ಎಳೆಯುತ್ತಾರೆ. ಓಕ್ ಮರದ ದಿಮ್ಮಿ, ಅದರೊಳಗೆ ಬಿಗಿಯಾಗಿ ಕೂತ ದಪ್ಪ ಅಲಗು.

ಅಲಗು ಬಿಡಿಸಲು ದಿಮ್ಮಿಯ ಹಿಂತುದಿಯ ಎಡಬಲ ಮೂಲೆಗಳಿಗೆ ಸರದಿಯಂತೆ ಸುತ್ತಿಗೆಯಿಂದ ತಟ್ಟಬೇಕು. ನಟ್ಟನಡುವೆ ಹೊಡೆದರೆ ದಿಮ್ಮಿ ಸೀಳುತ್ತದೆ.

ಅಲಗಿಗೆ ಎರಡು ಪದರ: ತೆಳ್ಳನೆಯ ಗಟ್ಟಿ ಉಕ್ಕು, ಅದರ ಬೆನ್ನಿಗೆ ಬೆಸೆದ ಮೆತ್ತನೆಯ ಕಬ್ಬಿಣ. ಉಕ್ಕಿನ ಮುಖದಲ್ಲಿ ‘ಉರ’ ಎಂಬ ತಗ್ಗಿದೆ. ಅಂಚಿನ ಬಳಿ ಮಾತ್ರ ಒಂದೆರಡು ಮಿಲಿಮೀಟರಿನ ಸಮತಟ್ಟು ಪಟ್ಟಿ. ಅಂಚಿನ ಇಳಿಜಾರು ಮುಖವಾದ ಓರೆಯನ್ನು 1000 ನಂಬರಿನ ಕಲ್ಲಿನಲ್ಲಿ ಮಸೆಯಿರಿ. ಹಿಂಬದಿಯಲ್ಲಿ ಉದ್ದಕ್ಕೂ ಬೆರಳಿಗೆ ಸಣ್ಣ ಏಣು ತಗಲಿದ ಮೇಲೆ 6000 ಅಥವಾ 8000ಕ್ಕೆ ಹೋಗಿ. ಅರ್ಧ ಅಂಚಿಗೆ ಮಾತ್ರ ಏಣು ಬಂದಿದ್ದರೆ ನುಣುಪು ಕಲ್ಲಿಗೆ ಹೋಗಿ ಲಾಭವಿಲ್ಲ.

ವರ್ಷವಿಡೀ ಮಸೆದು ಆ ಪಟ್ಟಿ ಸವೆದುಹೋದರೆ ತಗ್ಗು ಅಂಚನ್ನೇ ಮುಟ್ಟಿ ನಡುವೆ ಬೋಳಾಗುತ್ತದೆ. ಅದಕ್ಕೆ ಮದ್ದು ‘ಉರದಾಶಿ’. ಅಲಗಿನ ಉಕ್ಕಿನ ಮುಖವನ್ನು ಗಟ್ಟಿ ಅಡಿಗಲ್ಲಿನ ಮೂಲೆಗೆ ಒರಗಿಸಿ, ಓರೆಯ ಮೆತ್ತನೆಯ ಕಬ್ಬಿಣದ ಮೇಲೆ ಸಣ್ಣ ಸುತ್ತಿಗೆಯ ಮೂಲೆಯಿಂದ ಹತ್ತಾರು ಸಲ ಹಗುರಾಗಿ ತಟ್ಟಿದರೆ ಉಕ್ಕು ಕೂದಲೆಳೆಯಷ್ಟು ಉಬ್ಬುತ್ತದೆ. ಆಮೇಲೆ ಕಬ್ಬಿಣದ ತಟ್ಟೆಯ ಮೇಲೆ ಉಜ್ಜಿ ಸಮ ಮಾಡಬೇಕು. ಒಂದೇ ಏಟು ತಪ್ಪಿ ಉಕ್ಕಿಗೆ ಬಿದ್ದರೂ ಅಂಚು ಸಿಡಿಯುತ್ತದೆ. 27ರ ರಾತ್ರಿ ಆತುರದಲ್ಲಿ ಮಾಡುವ ಕೆಲಸ ಇದಲ್ಲ.

ದಿಮ್ಮಿಯ ಅಡಿಯನ್ನು ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಕೊನೆಯ ನುಣುಪು ಕೊಡುವ ಕೀಸುಳಿಯಾದರೆ ಮುಂತುದಿ ಮತ್ತು ಬಾಯಿಯ (ಅಲಗು ಹೊರಬರುವ ಸೀಳಿನ) ಮುಂದೆ, ಎರಡೇ ಕಡೆ ಮರ ಮುಟ್ಟಬೇಕು. ಉಳಿದದ್ದು ಕಾಗದದಷ್ಟು ತಗ್ಗಿರಲಿ. ಈ ಪರೀಕ್ಷೆ ಮಾಡುವಾಗ ಅಲಗು ಕೆಲಸದ ಬಿಗಿಯಲ್ಲೇ ಕೂತಿರಬೇಕು, ತುದಿ ಮಾತ್ರ ಬಾಯಿಯೊಳಗೆ. ಆ ಬಿಗಿಗೆ ದಿಮ್ಮಿ ಬಾಗುತ್ತದೆ. ಅಲಗು ತೆಗೆದು ಸಮ ಮಾಡಿದ ಅಡಿ, ಅಲಗು ಹಾಕಿದ ಕೂಡಲೇ ಕೆಡುತ್ತದೆ.

ಎತ್ತಿಡುವಾಗ ಮಾತ್ರ ಬಿಗಿ ಬೇಡ. ಒಣ ಹವೆಗೆ ಓಕ್ ಕುಗ್ಗುತ್ತದೆ, ಉಕ್ಕು ಕುಗ್ಗುವುದಿಲ್ಲ, ದಿಮ್ಮಿ ಬಿರಿಯುತ್ತದೆ. ಅಲಗನ್ನು ಬೀಳದಷ್ಟು ಮಾತ್ರ ಕೂರಿಸಿ.

ಉಳಿದವು

ಉಳಿಗಳನ್ನೂ ಇದೇ ರೀತಿ ಮಸೆಯಿರಿ. ಗರಗಸದ ಹಲ್ಲಿಗೆ ಅಂಟಿದ ಮರದ ಗೋಂದನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಹಲ್ಲು ಅರಕ್ಕೆ ಹಾಕುವುದು ಅದರದೇ ಕಸುಬುದಾರರ ಕೆಲಸ. ಗೆರೆ ಹೊಡೆಯುವ ಮಸಿಕುಡಿಕೆ ‘ಸುಮಿತ್ಸುಬೊ’ದಲ್ಲಿನ ಹತ್ತಿಯನ್ನು ತೊಳೆಯದೆ ಬಿಟ್ಟರೆ ಮಸಿ ಗಟ್ಟಿಯಾಗಿ ದಾರ ಅಂಟಿಕೊಳ್ಳುತ್ತದೆ. ನೀರು ಕುಡಿದ ಸಾಣೆಕಲ್ಲುಗಳನ್ನು ನೆರಳಲ್ಲಿ ಪೂರ್ತಿ ಒಣಗಿಸಿ. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲು ಎರಡು ಹೋಳು.

ಹಚ್ಚುವ ಎಣ್ಣೆ ಕ್ಯಾಮೆಲಿಯಾ ಬೀಜದ್ದು, ‘ತ್ಸುಬಾಕಿ’. ಗೊತೊ ದ್ವೀಪಗಳ ಮತ್ತು ಇಜು ಓಶಿಮಾದ ಎಣ್ಣೆಗೆ ಹೆಸರಿದೆ. ಅದು ಒಣಗಿ ಅಂಟಾಗುವುದಿಲ್ಲ. ಅಗಸೆ ಎಣ್ಣೆ ಪೊರೆಗಟ್ಟುತ್ತದೆ. ನಮ್ಮ ಕೊಬ್ಬರಿ ಎಣ್ಣೆಯಂತೂ ಆ ಚಳಿಯಲ್ಲಿ ಬೆಣ್ಣೆಯೇ. ಒಂದು ಅಲಗಿಗೆ ಒಂದು ತೊಟ್ಟು ಸಾಕು.

28ರಂದು

ಒರೆಸಿದ ಹಲಗೆಯ ಮೇಲೆ ಬಿಳಿ ಕಾಗದ ಹಾಸಿ ‘ಕಗಾಮಿ ಮೋಚಿ’ ಇಡಿ: ಅಂಟಕ್ಕಿ ಕುಟ್ಟಿ ಮಾಡಿದ ದುಂಡನೆಯ ಎರಡು ಮುದ್ದೆ, ದೊಡ್ಡದರ ಮೇಲೆ ಚಿಕ್ಕದು, ತುದಿಗೆ ‘ದಾಯಿದಾಯಿ’ ಎಂಬ ಕಹಿ ಕಿತ್ತಳೆ. ತಲೆತಲಾಂತರ ಎಂಬ ಮಾತಿಗೂ ಅದೇ ಉಚ್ಚಾರ. ಪಕ್ಕದಲ್ಲಿ ಮಸಿಕುಡಿಕೆ, ಮೂಲೆಮಟ್ಟ, ಬಾಚಿ, ಮಸೆದ ಕೀಸುಳಿ. ಬಾಗಿಲಿಗೆ ಹುಲ್ಲಿನ ಹಗ್ಗ ‘ಶಿಮೆನವ’. ಹಸಿ ಮೋಚಿ ಬೆಚ್ಚಗಿನ ಕಡೆ ಬೇಗ ಬೂಸ್ಟು ಹಿಡಿಯುತ್ತದೆ, ಒಲೆಯಿಂದ ದೂರವಿರಲಿ. ಟೋಕಿಯೊ ಕಡೆ ಜನವರಿ 11ಕ್ಕೆ ಅದನ್ನು ಒಡೆದು ಬೇಯಿಸಿ ತಿನ್ನುತ್ತಾರೆ. ಚಾಕು ಹಾಕುವಂತಿಲ್ಲ, ಸುತ್ತಿಗೆಯೇ ಆಗಬೇಕು.

ಕ್ಯೋಟೊದ ಕೋರ್ಯೂಜಿ ಬೌದ್ಧ ದೇವಾಲಯದಲ್ಲಿ ಜನವರಿ 2ಕ್ಕೆ, ಕಾಮಕುರದ ತ್ಸುರುಗಒಕ ಹಾಚಿಮಾಂಗು ಶಿಂಟೊ ಗುಡಿಯಲ್ಲಿ 4ಕ್ಕೆ, ಹಳೇ ಕಾಲದ ಉಡುಪು ತೊಟ್ಟ ಬಡಗಿಗಳು ದೊಡ್ಡ ಮರದ ಮೇಲೆ ಬಾಚಿ ಆಡಿಸಿ ವರ್ಷದ ಕೆಲಸ ತೆರೆಯುತ್ತಾರೆ. ಶೆಡ್ಡಿನಲ್ಲಿ ತೆರೆಯುವವರು ಮೊದಲು ಅಲಗಿನ ಎಣ್ಣೆಯನ್ನು ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಎರಡು ಮೂರು ಸಿಪ್ಪೆಯನ್ನು ಹಾಳು ಮರದ ತುಂಡಿನ ಮೇಲೆ ತೆಗೆಯಲಿ. ಬೆಳ್ಳನೆಯ ಹಿನೊಕಿ (ಜಪಾನಿ ಸೈಪ್ರಸ್) ಹಲಗೆ ಆಮೇಲೆ.