ಪತ್ತನಾಜೆಗೆ ಮೊದಲು: ಕರಾವಳಿಯ ಮನೆಯಲ್ಲಿ ಇಂಡಿ ರಾಕ್ ಎಲ್‌ಪಿಗಳನ್ನು ಉಳಿಸಿಕೊಳ್ಳುವ ಬಗೆ

ತುಳು ಪಂಚಾಂಗದ ಬೇಷ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24–25ರ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ, ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ. ಮಂಗಳೂರು, ಉಡುಪಿ ಕಡೆ ಎಲ್‌ಪಿ ರೆಕಾರ್ಡು ಇಟ್ಟುಕೊಂಡವರಿಗೂ ಮಳೆಗಾಲಕ್ಕೆ ಸಿದ್ಧರಾಗಲು ಅದೇ ಗಡುವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಚರ್ಮದ ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಫೋಟೋಗೆ ಹಿಡಿಯುವ ಬೂಷ್ಟು ರೆಕಾರ್ಡನ್ನು ಬಿಡುವುದಿಲ್ಲ.

ಇಂಡಿ ರಾಕ್ ಕೇಳುವವರು ಇದರಲ್ಲಿ ಇನ್ನಷ್ಟು ಜಾಗ್ರತೆಯಿಂದಿರಬೇಕು. ಇಂಡಿ ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸಣ್ಣ ಲೇಬಲ್‌ಗಳ, ಅಂದರೆ ರೆಕಾರ್ಡು ಹೊರತರುವ ಸಂಸ್ಥೆಗಳ ಸಂಗೀತ. ಅಂಥವರು ಒಂದು ಸಲಕ್ಕೆ ಒತ್ತಿಸುವ ಪ್ರತಿಗಳು ಕಡಿಮೆ. ಹಾಳಾದರೆ ಅದೇ ಮುದ್ರಣ ಮತ್ತೆ ಸಿಗುವ ಖಾತ್ರಿ ಇಲ್ಲ. ಜೊತೆಗೆ ಈ ಸಂಗೀತದಲ್ಲಿ ಮೌನಕ್ಕೆ ತುಂಬಾ ಜಾಗ ಇದೆ. ಸ್ಲಿಂಟ್ ತಂಡದ ‘ಸ್ಪೈಡರ್‌ಲ್ಯಾಂಡ್’ (1991) ಆಲ್ಬಮ್‌ನ ‘ಡಾನ್, ಅಮನ್’ ಹಾಡಿನಲ್ಲಿ ಡ್ರಮ್ಸೇ ಇಲ್ಲ. ಗಿಟಾರ್, ಮೆಲ್ಲಗೆ ಮಾತಾಡುವ ದನಿ, ಅಷ್ಟೇ. ರೆಕಾರ್ಡಿನಲ್ಲಿ ಸೂಜಿ ಓಡುವ ಗೆರೆಯೊಳಗೆ ಒಂದು ಚುಕ್ಕಿ ಬೂಷ್ಟು ಕೂತಿದ್ದರೂ ಪಟ್ ಪಟ್ ಎಂದು ಕಿವಿಗೆ ಹೊಡೆಯುತ್ತದೆ. ಅದೇ ವರ್ಷ ಬಂದ ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ನ ಗಿಟಾರ್ ಭೋರ್ಗರೆತದಲ್ಲಿ ಅದೇ ಚುಕ್ಕಿ ಮುಚ್ಚಿಹೋಗುತ್ತದೆ. ರೆಕಾರ್ಡು ಚೊಕ್ಕಟವಾಗಿದೆಯೇ ಎಂದು ತಿಳಿಯಬೇಕಾದರೆ ಯಾವಾಗಲೂ ಅದರ ಅತ್ಯಂತ ಮೆದು ಹಾಡನ್ನೇ ಹಾಕಿ ಕೇಳಿ.

ಬೂಷ್ಟು ತಿನ್ನುವುದು ಮುಖ್ಯವಾಗಿ ಕಾಗದ, ಅಂಟು, ಧೂಳು ಮತ್ತು ಬೆರಳಿನ ಜಿಡ್ಡನ್ನು. ಪ್ಲಾಸ್ಟಿಕ್ ಅದಕ್ಕೆ ಅಷ್ಟು ರುಚಿಸುವುದಿಲ್ಲ. ಹಾಗಾಗಿ ಮೊದಲು ಕೆಡುವುದು ಕವರ್, ಆಮೇಲೆ ಒಳಗಿನ ಕಾಗದದ ಚೀಲ, ಕಡೆಗೆ ರೆಕಾರ್ಡು. ಬೆರಳು ಗೆರೆಗೆ ತಾಗದಂತೆ ಅಂಚು ಮತ್ತು ನಡುವಿನ ಕಾಗದದ ಲೇಬಲ್ ಮಾತ್ರ ಹಿಡಿಯುವುದು ಎಲ್ಲ ಊರಿನಲ್ಲೂ ಹೇಳುವ ಮಾತು. ಇಲ್ಲಿ ಆ ಬೆರಳಚ್ಚಿನ ಆಕಾರದಲ್ಲೇ ಬೂಷ್ಟು ಬೆಳೆಯುತ್ತದೆ.

ಇಡುವ ಜಾಗ

ಮಳೆ ಬೀಸುವುದು ಪಡುವಣದಿಂದ. ಪಶ್ಚಿಮ ಮತ್ತು ನೈಋತ್ಯದ ಹೊರಗೋಡೆಗೆ ಕಪಾಟು ಆನಿಸಬೇಡಿ. ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಯಾದರಂತೂ ಬೇಡವೇ ಬೇಡ, ಅದು ನೀರು ಕುಡಿದು ವಾರಗಟ್ಟಲೆ ಒಳಗೆ ಇಟ್ಟುಕೊಳ್ಳುತ್ತದೆ. ಒಳಗೋಡೆಯಾದರೂ ಮೂರು ಇಂಚು ಸಂದು ಬಿಡಿ. ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಮಳೆಗಾಲದಲ್ಲಿ ನೆಲ ಬೆವರುವುದನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ. ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಕಪಾಟು ಎರಡು ಮಳೆಗಾಲಕ್ಕೆ ಉಬ್ಬಿ ಸ್ಕ್ರೂ ಬಿಟ್ಟುಕೊಳ್ಳುತ್ತದೆ. ಹಲಸಿನ ಮರದ ಹಲಗೆ ಅಥವಾ ನೀರು ತಡೆಯುವ ಪ್ಲೈವುಡ್ ಒಳ್ಳೆಯದು. ಒಂದಡಿ ಉದ್ದದ ಹಲಗೆಯಲ್ಲಿ ಸುಮಾರು 70 ಎಲ್‌ಪಿ ಕೂರುತ್ತವೆ, ಭಾರ 20 ಕಿಲೋ ಹತ್ತಿರ ಬರುತ್ತದೆ. ಮೂರಡಿ ಹಲಗೆಗೆ ನಡುವೆ ಆಧಾರ ಇಲ್ಲದಿದ್ದರೆ ಬಾಗುವುದು ಖಂಡಿತ.

ರೆಕಾರ್ಡುಗಳು ನೆಟ್ಟಗೆ ನಿಲ್ಲಬೇಕು. ಒಂದರ ಮೇಲೊಂದು ಮಲಗಿಸಿದರೆ ಅಡಿಯದ್ದು ಬಗ್ಗುತ್ತದೆ, ಕವರ್‌ಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಳೆದಾಗ ಸಲೀಸಾಗಿ ಬರುವಷ್ಟು ಸಡಿಲ ಇರಲಿ. ಹೊಸ ರೆಕಾರ್ಡಿನ ಮೇಲೆ ಬಿಗಿಯಾಗಿ ಸುತ್ತಿರುವ ತೆಳು ಪ್ಲಾಸ್ಟಿಕ್ ಚಂದ ಕಾಣುತ್ತದೆಂದು ಬಿಡಬೇಡಿ. ಅದು ಒಳಗಿನ ತೇವವನ್ನು ಹೊರಬಿಡುವುದಿಲ್ಲ, ತಾನೂ ಮತ್ತಷ್ಟು ಬಿಗಿದುಕೊಂಡು ಕವರನ್ನು ಬಗ್ಗಿಸುತ್ತದೆ. ಹೊರಗೆ ಮೇಲ್ಬಾಯಿ ತೆರೆದಿರುವ ಪಾಲಿಪ್ರೊಪಿಲೀನ್ ಚೀಲ, ಒಳಗೆ ಪಾಲಿಥೀನ್ ಪದರ ಇರುವ ಚೀಲ ಸಾಕು. ದಪ್ಪ, ಮೆತ್ತಗಿನ, ಗಾಜಿನಂತೆ ಹೊಳೆಯುವ ಪಿ.ವಿ.ಸಿ. ಚೀಲ ಬೇಡ, ವರ್ಷಗಳು ಕಳೆದಂತೆ ಅದು ರೆಕಾರ್ಡಿನ ಮೇಲೆ ಮಂಜಿನಂಥ ಕಲೆ ಬಿಡುತ್ತದೆ.

ಜಿರಳೆಗೆಂದು ಡಾಂಬರು ಗುಳಿಗೆ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ರೆಕಾರ್ಡಿನ ಕಪಾಟಿಗೆ ಅದು ಬೇಡ. ಆವಿಯಾಗಿ ಹೋದದ್ದು ಮತ್ತೆ ಹರಳಾಗಿ ಕೂರುತ್ತದೆ, ಸಿ.ಡಿ. ಪೆಟ್ಟಿಗೆಯ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್‌ಗೆ ಹಾನಿಯನ್ನೂ ಮಾಡುತ್ತದೆ.

ತೇವ ಅಳೆದು ನೋಡಿ

ಗಾಳಿಯ ತೇವ ಬಹಳ ದಿನ ಶೇ. 65–70ಕ್ಕಿಂತ ಮೇಲಿದ್ದರೆ ಬೂಷ್ಟು ಬರುತ್ತದೆ. ಮಳೆಗಾಲದಲ್ಲಿ ಇಲ್ಲಿ ಶೇ. 90 ಮಾಮೂಲು. ಗುರಿ ಶೇ. 45ರಿಂದ 55. ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಕೊಂಡು ಕಪಾಟಿನೊಳಗೆ ಇಡಿ, ಆದರೆ ಅದು ತೋರಿಸಿದ್ದನ್ನು ಹಾಗೇ ನಂಬಬೇಡಿ. ಬಾಟಲಿಯ ಮುಚ್ಚಳ ತುಂಬ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ 10–12 ಗಂಟೆ ಬಿಡಿ. ಒಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 69 ತೋರಿಸಿದರೆ ಅದು ಆರು ಕಡಿಮೆ ಹೇಳುತ್ತಿದೆ ಎಂದರ್ಥ. ಅಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಬೆನ್ನಿಗೆ ಅಂಟಿಸಿ.

ತೇವ ಹೀರುವ ಸಿಲಿಕಾ ಜೆಲ್ ಹರಳು ಬಾಗಿಲಿರುವ ಕಪಾಟಿಗೆ ಮಾತ್ರ ಪ್ರಯೋಜನ. ತೆರೆದ ಶೆಲ್ಫಿನಲ್ಲಿ ಇಟ್ಟರೆ ಅದು ಇಡೀ ಕೋಣೆಯ ಗಾಳಿಯನ್ನು ಹೀರಲು ಹೋಗಿ ಒಂದೇ ದಿನಕ್ಕೆ ತಣಿದು ಕೂರುತ್ತದೆ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯದ್ದನ್ನು ಕೊಳ್ಳಿ, ಎರಡಡಿ ಕಪಾಟಿಗೆ ಅರ್ಧ ಕಿಲೋ. ಬಣ್ಣ ತಿರುಗಿದ ಮೇಲೆ ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೂರಕ್ಕಿಂತ ಹೆಚ್ಚು ರೆಕಾರ್ಡು ಇದ್ದವರು ಗಾಳಿಯ ತೇವ ತೆಗೆಯುವ, ಕಂಪ್ರೆಸರ್ ಇರುವ ಡೀಹ್ಯುಮಿಡಿಫೈಯರ್ ಕೊಳ್ಳುವುದೇ ಸರಿ. ಅಂಗೈಯಗಲದ ಅಗ್ಗದ ಯಂತ್ರಗಳು ದಿನಕ್ಕೆ ಲೋಟ ನೀರು ತೆಗೆದರೆ ಹೆಚ್ಚು, ಆಟಿ ತಿಂಗಳಿನ (ಜುಲೈ–ಆಗಸ್ಟ್) ಗಾಳಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ರೆಕಾರ್ಡನ್ನು ಹೊರತೆಗೆದು ಕೇಳುವುದು. ಬೂಷ್ಟು ಹಿಡಿಯುವುದು ಮೇ ತಿಂಗಳಲ್ಲಿ ಮುಚ್ಚಿ ಅಕ್ಟೋಬರ್‌ನಲ್ಲಿ ತೆರೆಯುವ ಕಪಾಟಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ದಿನಕ್ಕೊಂದು ಆಲ್ಬಮ್ ಕೇಳಿದರೆ 60 ಎಲ್‌ಪಿ ಇರುವವರ ಪ್ರತಿಯೊಂದು ರೆಕಾರ್ಡೂ ಎರಡೆರಡು ಸಲ ಗಾಳಿ ಕಾಣುತ್ತದೆ, ಪ್ರತಿಯೊಂದು ಕವರಿನ ಮೇಲೂ ಎರಡೆರಡು ಸಲ ಕಣ್ಣು ಬೀಳುತ್ತದೆ. ಕೇಳಿದ ದಿನವನ್ನು ಪೆನ್ಸಿಲಿನಲ್ಲಿ ಚೀಟಿಗೆ ಬರೆದು ಹೊರಚೀಲದಲ್ಲಿ ಹಾಕಿ, ಕೇಳಿದ್ದನ್ನು ಸಾಲಿನ ಬಲತುದಿಗೆ ಇಡಿ, ನಾಳೆಯದ್ದು ಎಡತುದಿಯಿಂದ. ಇಷ್ಟದ ನಾಲ್ಕನ್ನೇ ಮತ್ತೆ ಮತ್ತೆ ಹಾಕುವ ಚಪಲಕ್ಕೆ ಇದು ಒಳ್ಳೆಯ ಮದ್ದು. ಎಷ್ಟೋ ವರ್ಷ ಕೈಬಿಟ್ಟ ಆಲ್ಬಮ್‌ನ ಎರಡನೇ ಬದಿ ಹೀಗೆ ಸರದಿಯಲ್ಲೇ ಮನಸ್ಸಿಗೆ ಹತ್ತಿರವಾಗುವುದುಂಟು.

ತೊಳೆಯುವ ಕ್ರಮ

ದ್ರಾವಣಕ್ಕೆ: 800 ಮಿ.ಲೀ. ಡಿಸ್ಟಿಲ್ಡ್ ವಾಟರ್, 200 ಮಿ.ಲೀ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ನಾಲ್ಕೈದು ಹನಿ. ಇದು ನೀರಿನ ಬಿಗಿತ ಕಡಿಮೆ ಮಾಡಿ ಗೆರೆಯ ತಳಕ್ಕೆ ಇಳಿಸುತ್ತದೆ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ, ಅದರಲ್ಲಿನ ಕಬ್ಬಿಣ ಮತ್ತು ಲವಣ ಒಣಗಿದ ಮೇಲೆ ಗೆರೆಯಲ್ಲೇ ಉಳಿಯುತ್ತದೆ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಆಗುತ್ತದೆ; ಲೇಬಲ್ ಓದಿ, ಆಸಿಡ್ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಗೆರೆಯಲ್ಲಿ ಅಂಟಾಗಿ ಕೂರುತ್ತದೆ. ಆಲ್ಕೊಹಾಲ್ ಬೇಗ ಬೆಂಕಿ ಹಿಡಿಯುವ ವಸ್ತು, ದೇವರ ದೀಪದಿಂದಲೂ ಒಲೆಯಿಂದಲೂ ದೂರ ಇರಲಿ.

ಅಟ್ಟದಲ್ಲಿ ಅಜ್ಜನ ಕಾಲದ 78 ವೇಗದ ರೆಕಾರ್ಡುಗಳಿದ್ದರೆ ಅವಕ್ಕೆ ಈ ದ್ರಾವಣ ತಾಗಿಸಲೇಬೇಡಿ. ಅವು ಅರಗಿನವು, ಆಲ್ಕೊಹಾಲ್‌ಗೆ ಕರಗುತ್ತವೆ.

ಬೂಷ್ಟು ಕಂಡ ರೆಕಾರ್ಡನ್ನು ತೊಳೆಯದೆ ಸೂಜಿ ಇಡಬಾರದು. ಸೂಜಿ ಆ ಕೊಳೆಯನ್ನು ಎಳೆದುಕೊಂಡು ಇಡೀ ಬದಿಗೆ ಹರಡುತ್ತದೆ. ಮಾಸ್ಕ್ ಹಾಕಿ, ಜಗಲಿಯಲ್ಲಿ ಕೂತು, ಮೊದಲು ಒಣ ಮೆದು ಬ್ರಷ್‌ನಿಂದ ಮೇಲಿನ ಪುಡಿ ತೆಗೆಯಿರಿ. ದಪ್ಪ ಟವೆಲಿನ ಮೇಲೆ ರೆಕಾರ್ಡು ಮಲಗಿಸಿ, ಲೇಬಲ್‌ಗೆ ತಾಗದಂತೆ 10–15 ಮಿ.ಲೀ. ದ್ರಾವಣ ಹರಡಿ ಎರಡು ನಿಮಿಷ ಬಿಡಿ. ನಡುವೆ ಒಣಗಲು ಬಂದರೆ ಇನ್ನಷ್ಟು ಹಾಕಿ. ಮೆದು ಬ್ರಷ್‌ನಿಂದ ಗೆರೆ ಹೋದ ದಿಕ್ಕಿಗೇ ಹತ್ತು ಸುತ್ತು, ಹಿಂದಕ್ಕೆ ಹತ್ತು ಸುತ್ತು. ಅಡ್ಡಕ್ಕೆ ಉಜ್ಜಬೇಡಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಹೀರಿಸಿ, ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಎರಡು ಸಲ ಜಾಲಿಸಿ. ಜಾಲಿಸುವುದನ್ನು ಬಿಡುವವರೇ ಹೆಚ್ಚು. ಆಮೇಲೆ ಸೂಜಿಯ ತುದಿಗೆ ಬೂದು ಬಣ್ಣದ ಮೆತ್ತೆ ಕಟ್ಟಿಕೊಂಡರೆ ಅದಕ್ಕೆ ಇದೇ ಕಾರಣ.

ತಟ್ಟೆ ಜೋಡಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸಿ. ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕು, ಮಳೆಗಾಲದಲ್ಲಿ ಎರಡು ಗಂಟೆ ಬೇಕು, ಎ.ಸಿ. ಇದ್ದರೆ ಡ್ರೈ ಮೋಡ್ ಹಾಕಿ. ಹಲಸಿನ ಹಪ್ಪಳ ಒಣಗಿಸುವ ಅಂಗಳಕ್ಕೆ ಮಾತ್ರ ಒಯ್ಯಬೇಡಿ, ಬಿಸಿಲಿಗೆ ರೆಕಾರ್ಡೂ ಹಪ್ಪಳದಂತೆಯೇ ಸೊಟ್ಟಗಾಗುತ್ತದೆ. ಒಣಗಿದ್ದನ್ನು ಹೊಸ ಒಳಚೀಲಕ್ಕೇ ಹಾಕಿ. ಹಳೆಯ ಕಾಗದದ ಚೀಲದಲ್ಲಿ ಬೂಷ್ಟಿನ ಬೀಜ ಇರುತ್ತದೆ. ಆದರೆ ಅದರಲ್ಲಿ ಹಾಡಿನ ಸಾಲೋ ಚಿತ್ರವೋ ಅಚ್ಚಾಗಿದ್ದರೆ ಎಸೆಯಬೇಡಿ, ಒಣಗಿಸಿ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ತುಂಬಾ ದಿನ ಬೂಷ್ಟು ಕೂತ ಕಡೆ ತೊಳೆದ ಮೇಲೂ ಸ್ವಲ್ಪ ಸದ್ದು ಉಳಿಯಬಹುದು. ಎರಡನೇ ಸಲ ತೊಳೆದೂ ಹೋಗದಿದ್ದರೆ ಗೆರೆಗೇ ಪೆಟ್ಟಾಗಿದೆ, ಇನ್ನು ಉಜ್ಜಿ ಫಲವಿಲ್ಲ.

ಟರ್ನ್‌ಟೇಬಲ್

ಗಲ್ಫ್‌ನಿಂದ, ಅಮೆರಿಕದಿಂದ ನೆಂಟರು ತಂದ ಹಳೆಯ ಯಂತ್ರಗಳು ಇಲ್ಲಿನ ಮನೆಗಳಲ್ಲಿ ಬೇಕಾದಷ್ಟಿವೆ. ಅಮೆರಿಕ ಮತ್ತು ಸೌದಿಯಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50. ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲಿ ತಿರುಗುವ ಎ.ಸಿ. ಸಿಂಕ್ರೊನಸ್ ಮೋಟಾರಿನ ಹಳೆಯ ಯಂತ್ರವಾದರೆ ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿಮಾಡಿದರೂ ವೇಗ ಸರಿಯಾಗುವುದಿಲ್ಲ. ನಿಮಿಷಕ್ಕೆ 33⅓ ಸುತ್ತಬೇಕಾದದ್ದು 27.8 ಸುತ್ತುತ್ತದೆ, ಗಾಯಕ ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಕೇಳುತ್ತದೆ. ಅಂಥದ್ದಕ್ಕೆ 50 ಹರ್ಟ್ಸ್‌ನ ಪುಲ್ಲಿ ಬೇಕು. ಅಡಾಪ್ಟರಿನಲ್ಲಿ ನಡೆಯುವ ಡಿ.ಸಿ. ಮೋಟಾರಿಗೆ ಈ ತೊಂದರೆ ಇಲ್ಲ.

ವೇಗ ನೋಡಲು 180 ಪಟ್ಟೆಗಳ ಸ್ಟ್ರೋಬ್ ತಟ್ಟೆ ಬೇಕು. 216 ಪಟ್ಟೆಯದ್ದು 60 ಹರ್ಟ್ಸ್‌ನದ್ದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ಪಟ್ಟೆಗಳು ನಿಂತಂತೆ ಕಂಡರೆ ವೇಗ ಸರಿ. ಕಿವಿಯಿಂದಲೇ ಪರೀಕ್ಷಿಸುವವರು ‘ಲವ್‌ಲೆಸ್’ ಹಾಕಬೇಡಿ. ಆ ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಸ್ವರ ಏರಿಳಿಸುವ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲೇ ಹಿಡಿದು ತಂತಿ ಮೀಟುತ್ತಾನೆ, ಸ್ವರ ಮೊದಲಿಂದ ಕೊನೆತನಕ ತೇಲಾಡುತ್ತಲೇ ಇರುತ್ತದೆ. ಅದನ್ನು ಕೇಳಿ ತಟ್ಟೆ ತಿರುಗಿಸುವ ಬೆಲ್ಟ್ ಸಡಿಲವಾಯಿತೆಂದು ಹೊಸ ಬೆಲ್ಟ್ ತರಿಸುವುದು ದಂಡ. ಪಿಯಾನೊ ಎಳೆದು ನಿಲ್ಲುವ ಹಾಡು ಹಾಕಿ, ಬೆಲ್ಟಿನ ಬಣ್ಣ ಅಲ್ಲಿ ಬಯಲಾಗುತ್ತದೆ.

ಸೂಜಿಯ ಭಾರ ಅದನ್ನು ಹಿಡಿದಿರುವ ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಇರಲಿ: ಆಡಿಯೊ-ಟೆಕ್ನಿಕಾ ವಿಎಂ95ಇಗೆ 2.0 ಗ್ರಾಂ, ಆರ್ಟೊಫಾನ್ 2ಎಂ ರೆಡ್‌ಗೆ 1.8. ಹಗುರ ಇದ್ದರೆ ರೆಕಾರ್ಡು ಬಾಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಗುರ ಸೂಜಿ ಗೆರೆಯೊಳಗೆ ಕುಪ್ಪಳಿಸಿ ಗೋಡೆಗಳನ್ನು ಜಜ್ಜುತ್ತದೆ.

ಬದಿಯ ಕೊನೆಯ ಹಾಡು ಒಡಕಲಾಗಿ ಕೇಳುವುದು ಎಲ್ಲರ ದೂರು. ಹೊರಗಿನ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ ಒಳಗಿನದ್ದು ಸುಮಾರು 21. ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಯಬೇಕು. ‘ಸ್ಪೈಡರ್‌ಲ್ಯಾಂಡ್’ನ ಕಡೆಯ ಹಾಡು ಮೆಲ್ಲಗೆ ಶುರುವಾಗಿ ಕಿರುಚಾಟದಲ್ಲಿ ಮುಗಿಯುತ್ತದೆ, ಅದೂ ಲೇಬಲಿನ ಹತ್ತಿರ. ಅಲ್ಲಿ ದನಿ ಹರಿದರೆ ಕೋನ ಅಳೆಯುವ ಪ್ರೊಟ್ರಾಕ್ಟರ್ ಇಟ್ಟು ಕಾರ್ಟ್ರಿಜ್‌ನ ಕೋನ ಸರಿಪಡಿಸಿ. ರೇಡಿಯೊಹೆಡ್ ತಂಡ ‘ಇನ್ ರೇನ್‌ಬೋಸ್’ (2007) ಆಲ್ಬಮ್‌ನ ಡಿಸ್ಕ್‌ಬಾಕ್ಸ್ ಎಂಬ ವಿಶೇಷ ಪೆಟ್ಟಿಗೆಯಲ್ಲಿ ಒಂದೇ ಆಲ್ಬಮನ್ನು 45 ವೇಗದ ಎರಡು ತಟ್ಟೆಗಳಿಗೆ ಹಂಚಿದ್ದರ ಲಾಭ ಇಲ್ಲೇ: ಗೆರೆ ಬೇಗ ಓಡುತ್ತದೆ, ಬದಿಯೂ ಒಳಗಿನವರೆಗೆ ತುಂಬುವುದಿಲ್ಲ. ಜಾಯ್ ಡಿವಿಷನ್ ತಂಡದ ‘ಅನ್‌ನೋನ್ ಪ್ಲೆಷರ್ಸ್’ (1979) ಕೊನೆಯ ಹಾಡಿನಲ್ಲಿ ಗಾಜು ಒಡೆಯುವ ಸದ್ದಿದೆ. ಅದು ಹಾಡಿನದ್ದೇ, ರೆಕಾರ್ಡಿನ ದೋಷವಲ್ಲ.

ಉಪ್ಪುಗಾಳಿಗೆ ಕಾರ್ಟ್ರಿಜ್ ಕೂರಿಸುವ ಹೆಡ್‌ಶೆಲ್‌ನ ನಾಲ್ಕು ಪಿನ್ನುಗಳು ಹಸಿರು ಕಟ್ಟುತ್ತವೆ, ಒಂದು ಸ್ಪೀಕರ್ ಇದ್ದಕ್ಕಿದ್ದಂತೆ ಮೂಕವಾಗುತ್ತದೆ. ಹತ್ತಿ ಕಡ್ಡಿಗೆ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗುಂಯ್ ಎಂಬ ಸದ್ದು ಬಂದರೆ ಅರ್ತ್ ತಂತಿ ಸಡಿಲಾಗಿದೆಯೇ ನೋಡಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಕವರ್‌ಗಳ ಕೆಲಸ ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಬಿಸಿಲು ಬರುವವರೆಗೆ ಕಾಯಲಿ. ‘ಅನ್‌ನೋನ್ ಪ್ಲೆಷರ್ಸ್’ನಂಥ ತರಿತರಿ ಕಪ್ಪು ಕವರಿನಲ್ಲಿ ಬಿಳಿ ಬೂಷ್ಟು ಎಲ್ಲಕ್ಕಿಂತ ಬೇಗ ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತರಿಯೊಳಗೆ ಇಳಿದು ಮತ್ತೆ ಬರುತ್ತದೆ. ಒಳಗಿನದನ್ನೆಲ್ಲ ತೆಗೆದು, ಕವರಿನ ಬಾಯಿ ಸ್ವಲ್ಪ ಅಗಲಿಸಿ, ಗಾಳಿಯಾಡುವ ಜಗಲಿಯ ನೆರಳಿನಲ್ಲಿ ಎರಡು ಮೂರು ಗಂಟೆ ನಿಲ್ಲಿಸಿ. ಚೆನ್ನಾಗಿ ಒಣಗಿದ ಮೇಲೆ ಒಣ ಬ್ರಷ್‌ನಲ್ಲಿ ಮನೆಯಿಂದ ಹೊರಮುಖವಾಗಿ ಗುಡಿಸಿ. ಬೆನ್ನಿನ ಮಡಿಕೆಯನ್ನೂ ಮೂಲೆಗಳನ್ನೂ ಬೆಳಕಿಗೆ ಹಿಡಿದು ನೋಡಿ, ಬೂಷ್ಟು ಮೊದಲು ಅಡಗುವುದು ಆ ಅಂಟಿನಲ್ಲಿ.