ಮೊದಲ ಸಲ ರಗ್ಬಿ ಮ್ಯಾಚಿಗೆ ಹೊರಟವರಿಗೆ

ಹೊಸದಾಗಿ ಬಂದವರು ಆಗಾಗ ಕೇಳ್ತಾರೆ, ರಗ್ಬಿಯ ತಲೆಬುಡ ಗೊತ್ತಿಲ್ಲ, ಮ್ಯಾಚಿಗೆ ಹೋದರೆ ಏನಾದರೂ ಅರ್ಥ ಆಗುತ್ತಾ ಅಂತ. ಆಗುತ್ತೆ, ಧೈರ್ಯವಾಗಿ ಹೋಗಿ. ಟಿವಿಯಲ್ಲಿ ನೋಡಿ "ಬರೀ ಗುದ್ದಾಟ" ಅಂತ ಚಾನೆಲ್ ಬದಲಿಸಿದವರಂತೂ ಖಂಡಿತ ಹೋಗಬೇಕು. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ, ಆದರೆ ಅರ್ಧ ಆಟ ನಡೆಯುವುದು ಚೆಂಡು ಇಲ್ಲದ ಕಡೆ.

ಟಿಕೆಟ್ ತೆಗೆಯುವ ಮುಂಚೆ ಅದು ರಗ್ಬಿ ಯೂನಿಯನ್ನೋ ರಗ್ಬಿ ಲೀಗೋ ನೋಡಿಕೊಳ್ಳಿ. ಎರಡೂ ಬೇರೆ ಬೇರೆ ಆಟ. ಮ್ಯಾಚಿಗಾಗಿ ಕೆಲಸ ಬಿಟ್ಟು ಬರುವ ಆಟಗಾರರಿಗೆ ಆ ದಿನದ ಕೂಲಿ ತುಂಬಿಕೊಡಬೇಕೋ ಬೇಡವೋ ಅನ್ನುವ ಜಗಳದಲ್ಲಿ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹೊರಗೆ ಬಂದವು, ಅಲ್ಲಿಂದ ಬೆಳೆದದ್ದು ಲೀಗ್. ಅದರಲ್ಲಿ ತಂಡಕ್ಕೆ 13 ಜನ, ಯೂನಿಯನ್ನಿನಲ್ಲಿ 15. ನಾನು ನೋಡುವುದು ಯೂನಿಯನ್, ಮುಂದೆ ಬರೆದಿದ್ದೆಲ್ಲ ಅದರದ್ದೇ.

ಸೀಟು ತೀರಾ ಮುಂದೆ ಬೇಡ. ಆಟಗಾರರು ಹತ್ತಿರ ಕಾಣ್ತಾರೆ ನಿಜ, ಆದರೆ ಆಟ ಕಾಣುವುದಿಲ್ಲ. ಮೈದಾನದ ಮಧ್ಯದ ಗೆರೆಯ ನೇರಕ್ಕೆ, ಸ್ವಲ್ಪ ಎತ್ತರದಲ್ಲಿ ಕೂತರೆ ತಡೆಯುವ ತಂಡ ಒಂದೇ ಸಾಲಾಗಿ ಮುಂದೆ ಬರುವುದು, ಆ ಸಾಲಿನಲ್ಲಿ ಒಂದು ಕಡೆ ಸಂದು ಬೀಳುವುದು, ಅದನ್ನು ಇನ್ನೊಬ್ಬ ಕಂಡು ನುಗ್ಗುವುದು ಎಲ್ಲ ನಿಮಗೆ ಮೊದಲೇ ಗೊತ್ತಾಗುತ್ತದೆ.

ನಿಯಮಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಮಾತ್ರ. ಮುಂದೆ ಹೋಗಬೇಕಾದರೆ ಹಿಡಿದು ಓಡಬೇಕು, ಇಲ್ಲವೇ ಒದೆಯಬೇಕು. ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, 5 ಅಂಕ. ಆಮೇಲೆ ಗೋಲ್ ಕಂಬಗಳ ನಡುವೆ ಒದ್ದರೆ ಇನ್ನೂ 2. ಆ ಒದೆತವನ್ನು ಟ್ರೈ ಆದ ಜಾಗದ ನೇರಕ್ಕೇ ನಿಂತು ಹೊಡೆಯಬೇಕು. ಅದಕ್ಕೇ ಗೆರೆ ದಾಟಿದವನು ಸಮಯ ಇದ್ದರೆ ಕಂಬದ ಕಡೆಗೆ ಓಡಿ ಬರ್ತಾನೆ. ಪೆನಾಲ್ಟಿ ಒದೆತಕ್ಕೆ 3. ಮೊದಲ ದಿನಕ್ಕೆ ಇಷ್ಟು ಸಾಕು.

ಸ್ಕ್ರಮ್ ಬಂದಾಗ ಮಾತ್ರ ಫೋನ್ ಒಳಗಿಡಿ. ಸಣ್ಣ ತಪ್ಪಾಗಿ ಆಟ ನಿಂತಾಗ ಎರಡೂ ತಂಡ ಬಗ್ಗಿ ಚೆಂಡಿಗಾಗಿ ತಳ್ಳಾಡಿ ಆಟ ಮತ್ತೆ ಶುರು ಮಾಡುವುದೇ ಸ್ಕ್ರಮ್. ಆ ಕಡೆ 8, ಈ ಕಡೆ 8. ರೆಫರಿ "ಕ್ರೌಚ್, ಬೈಂಡ್, ಸೆಟ್" ಅಂತಾರೆ, ಎರಡು ಗುಂಪೂ ಭುಜಕ್ಕೆ ಭುಜ ಕೊಡುತ್ತವೆ. ಚಳಿಯ ಸಂಜೆಯಾದರೆ ಅವರ ಬೆನ್ನ ಮೇಲಿಂದ ಹಬೆ ಏಳುತ್ತಿರುತ್ತದೆ. ಟಿವಿಯಲ್ಲಿ ಬರೀ ಸಮಯ ಹಾಳು ಅನ್ನಿಸಿದ್ದ ಈ ಸ್ಕ್ರಮ್‌ಗಾಗಿಯೇ ನಾನು ಈಗ ಮೈದಾನಕ್ಕೆ ಹೋಗುವುದು.

ಇನ್ನೊಂದು, ಕಂಬಕ್ಕೆ ಒದೆಯುವವನು ಚೆಂಡು ನಿಲ್ಲಿಸಿದಾಗ ಗಲಾಟೆ ಮಾಡಬೇಡಿ. ಎಲ್ಲ ಕಡೆ ಈ ರೂಢಿ ಒಂದೇ ಥರ ಇಲ್ಲ, ಆದರೆ ಐರ್ಲೆಂಡಿನ ಲಿಮರಿಕ್‌ನ ಥಾಮಂಡ್ ಪಾರ್ಕ್ ಈ ಮೌನಕ್ಕೇ ಹೆಸರುವಾಸಿ. ಎದುರು ತಂಡದವನಿಗೂ ಅದೇ ಮರ್ಯಾದೆ. ನನ್ನ ಮೊದಲ ಮ್ಯಾಚಿನಲ್ಲಿ ನಾನು ಜೋರಾಗಿ ಕೂಗಿದ್ದೆ. ಪಕ್ಕದ ಅಜ್ಜ ಮೆಲ್ಲಗೆ ನನ್ನ ಮೊಣಕೈ ಮುಟ್ಟಿ ತುಟಿಯ ಮೇಲೆ ಬೆರಳಿಟ್ಟರು. ಒದೆತ ಮುಗಿದ ಮೇಲೆ ಯಾಕೆ ಅಂತ ವಿವರಿಸಿದರು, ಮುಂದಿನ ಅರ್ಧ ಗಂಟೆ ರೆಫರಿ ಊದಿದ ಪ್ರತಿ ವಿಷಲ್‌ಗೂ ಕಾರಣ ಹೇಳುತ್ತಲೇ ಇದ್ದರು. ಅವರು ಹಾಕಿಕೊಂಡಿದ್ದು ಎದುರು ತಂಡದ ಜರ್ಸಿ! ರಗ್ಬಿಯಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ಅಭಿಮಾನಿಗಳು ಬೆರೆತೇ ಕೂರುತ್ತಾರೆ. ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳಿ, ಸಂಕೋಚ ಬೇಡ.

ಕೆಲವು ಮೈದಾನಗಳಲ್ಲಿ ಕಿವಿಗೆ ಹಾಕಿಕೊಳ್ಳುವ ಸಣ್ಣ ರೇಡಿಯೋ ಸಿಗುತ್ತದೆ. ರೆಫರಿ ಆಟಗಾರರಿಗೆ ಹೇಳುವುದು, ಟಿಎಂಒ ಜೊತೆ ಮಾತಾಡುವುದು ಎಲ್ಲ ಕೇಳಬಹುದು. ಟಿಎಂಒ ಅಂದರೆ ನಮ್ಮ ಕ್ರಿಕೆಟ್ಟಿನ ಥರ್ಡ್ ಅಂಪೈರ್ ಇದ್ದ ಹಾಗೆ. ಸಿಕ್ಕರೆ ತಗೊಳ್ಳಿ, ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹಳದಿ ಕಾರ್ಡ್ ಕಂಡರೆ ಆ ಆಟಗಾರ 10 ನಿಮಿಷ ಹೊರಗೆ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಹೊರಗೆ ಕರೆದು ಪರೀಕ್ಷೆ ಮಾಡ್ತಾರೆ, ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಡಿ, ಹೆದರಬಾರದು ಅಲ್ವಾ.

ದೊಡ್ಡ ಬ್ಯಾಗು, ಕೊಡೆ ಒಳಗೆ ಬಿಡದ ಕಡೆಗಳೇ ಜಾಸ್ತಿ, ಮಳೆಗೆ ಟೋಪಿ ಇರುವ ಜಾಕೆಟ್ ಹಾಕಿ. ಟಿಕೆಟ್ ಫೋನಿನಲ್ಲಿದ್ದರೆ ಚಾರ್ಜ್ ನೋಡಿಕೊಳ್ಳಿ.

80 ನಿಮಿಷ ಆಯಿತು ಅಂತ ಎದ್ದು ಹೊರಡಬೇಡಿ. ಚೆಂಡು ಆಟದಲ್ಲಿ ಇರುವವರೆಗೆ ಮ್ಯಾಚ್ ಮುಗಿಯುವುದಿಲ್ಲ. ಹಿಂದೆ ಬಿದ್ದ ತಂಡ ಚೆಂಡು ಕೈಬಿಡದೆ ಎರಡು ಮೂರು ನಿಮಿಷ ತಳ್ಳಿಕೊಂಡು ಹೋಗಿ ಗೆದ್ದದ್ದನ್ನು ನಾನು ನೋಡಿದ್ದೇನೆ. ಆಗಲೇ ಮೆಟ್ಟಿಲಿಳಿದಿದ್ದವರಿಗೆ ಕೇಳಿಸಿದ್ದು ಬರೀ ಕೂಗು.