ಸ್ಟುಡಿಯೊ ವರ್ಷನ್‌ಗೆ ದುಡ್ಡು ಹಾಕುವ ಮುಂಚೆ ನಾನು ನೋಡಿದ್ದು

ಹಾಸನದಲ್ಲಿ ಮದುವೆ ವೀಡಿಯೊ ಎಡಿಟಿಂಗ್ ನನ್ನ ಕೆಲಸ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ವರ್ಷನ್‌ನಲ್ಲೇ ವರ್ಷಗಟ್ಟಲೆ ನಡೆಸಿದೆ. ಅದು ಏನೂ ಕಡಿಮೆಯದ್ದಲ್ಲ. 3840×2160 ಅಳತೆಯಲ್ಲಿ, ಸೆಕೆಂಡಿಗೆ 60 ಫ್ರೇಮ್‌ವರೆಗೆ, ವಾಟರ್‌ಮಾರ್ಕ್ ಇಲ್ಲದೆ ಎಕ್ಸ್‌ಪೋರ್ಟ್ ಕೊಡುತ್ತದೆ. ಮದುವೆ ಮನೆಯವರು ಅದಕ್ಕಿಂತ ಜಾಸ್ತಿ ಕೇಳುವುದಿಲ್ಲ. ಆದರೂ 295 ಡಾಲರ್‌ನ ಸ್ಟುಡಿಯೊ ವರ್ಷನ್ ತಗೊಂಡೆ. ಕಾರಣ ಎರಡೇ.

ಮೊದಲನೆಯದು ಗ್ರೇನ್ಸ್, ಅಂದರೆ ಕಡಿಮೆ ಬೆಳಕಿನ ಚಿತ್ರದಲ್ಲಿ ಕಾಣುವ ಸಣ್ಣ ಚುಕ್ಕೆಗಳು. ಬೆಳಗಿನ ಜಾವದ ಮುಹೂರ್ತ, ಹಳ್ಳಿಯ ಸಮುದಾಯ ಭವನ, ಇರುವುದು ನಾಲ್ಕು ಟ್ಯೂಬ್‌ಲೈಟ್. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, ಏರಿಸದೆ ಬೇರೆ ದಾರಿ ಇಲ್ಲ; ಏರಿಸಿದಷ್ಟೂ ಗ್ರೇನ್ಸ್ ಜಾಸ್ತಿ. ಧಾರೆಯ ದೃಶ್ಯವೇ ಗ್ರೇನ್ಸ್ ತುಂಬಿಕೊಂಡು ಬಂದರೆ ಮನಸ್ಸಿಗೆ ಕಷ್ಟವಾಗುತ್ತದೆ, ಆ ಹೊತ್ತು ಮತ್ತೆ ಬರುವುದಿಲ್ಲ ಅಲ್ವಾ? ಗ್ರೇನ್ಸ್ ತೆಗೆಯುವ ರಿಸಾಲ್ವ್‌ನ ನಾಯ್ಸ್ ರಿಡಕ್ಷನ್ ಸ್ಟುಡಿಯೊದಲ್ಲಿ ಮಾತ್ರ ಇದೆ. ಆದರೆ ಉಚಿತ ವರ್ಷನ್‌ನಲ್ಲೂ ಅದನ್ನು ಹಾಕಿ ನೋಡಬಹುದು, ಚಿತ್ರದ ಮೇಲೆ ವಾಟರ್‌ಮಾರ್ಕ್ ಬರುತ್ತದೆ ಅಷ್ಟೆ. ದುಡ್ಡು ಕೊಡುವ ಮುಂಚೆ ನಮ್ಮದೇ ಫುಟೇಜ್ ಮೇಲೆ ಪರೀಕ್ಷೆ ಮಾಡಲು ಇಷ್ಟು ಸಾಕು.

ನಾನು ಧಾರೆಯ ಒಂದು ಕ್ಲಿಪ್ ತೆಗೆದುಕೊಂಡು ಕೂತೆ. ನಾಯ್ಸ್ ರಿಡಕ್ಷನ್‌ನಲ್ಲಿ ಎರಡು ಬಗೆ ಇವೆ. ಟೆಂಪೊರಲ್ ಅನ್ನುವುದು ಹಿಂದಿನ ಮುಂದಿನ ಫ್ರೇಮ್‌ಗಳನ್ನು ಹೋಲಿಸಿ ಗ್ರೇನ್ಸ್ ತೆಗೆಯುತ್ತದೆ. ಸ್ಪೇಷಿಯಲ್ ಅದೇ ಫ್ರೇಮ್‌ನ ಒಳಗೇ ತೆಗೆಯುತ್ತದೆ. ಸ್ಪೇಷಿಯಲ್ ಜಾಸ್ತಿ ಮಾಡಿದರೆ ವಧುವಿನ ಮುಖ ಮೇಣದ ಬೊಂಬೆಯಂತಾಗುತ್ತದೆ, ಸೀರೆಯ ಜರಿ ಮಂಕಾಗುತ್ತದೆ. ಟೆಂಪೊರಲ್ ಜಾಸ್ತಿ ಮಾಡಿದರೆ ಅಕ್ಷತೆ ಹಾರುವಾಗ ಕಾಳಿನ ಹಿಂದೆ ಎಳೆದ ಹಾಗೆ ಕಾಣುತ್ತದೆ. ಟೆಂಪೊರಲ್ ಸ್ವಲ್ಪ, ಸ್ಪೇಷಿಯಲ್ ಅದಕ್ಕಿಂತಲೂ ಕಡಿಮೆ ಇಟ್ಟಾಗ ನನಗೆ ಬೇಕಾದ ಚಿತ್ರ ಬಂತು. ಜರಿಯೂ ಉಳಿಯಿತು. ಅದನ್ನು ಟಿವಿಯಲ್ಲಿ ಹಾಕಿ ಮನೆಯವರಿಗೂ ತೋರಿಸಿದೆ. ಅಷ್ಟು ಹೊತ್ತಿಗೆ ಅರ್ಧ ತೀರ್ಮಾನ ಆಗಿತ್ತು. ಒಂದು ಮಾತು: ಈ ಕೆಲಸ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ತುಂಬಾ ತಿನ್ನುತ್ತದೆ. ಕಾರ್ಡ್ ಚಿಕ್ಕದಿದ್ದರೆ ಮೊದಲು ದುಡ್ಡು ಹಾಕಬೇಕಾದದ್ದು ಅಲ್ಲಿ.

ಎರಡನೆಯ ಕಾರಣ ಕ್ಯಾಮೆರಾ ಫೈಲ್. ಕ್ಯಾಂಡಿಡ್‌ಗೆ ಬರುವ ಹುಡುಗರು ಈಗ ಬಣ್ಣದ ವಿವರ ಜಾಸ್ತಿ ಉಳಿಸುವ 10 ಬಿಟ್ 4:2:2ರಲ್ಲಿ ಶೂಟ್ ಮಾಡುತ್ತಾರೆ. ವಿಂಡೋಸ್‌ನಲ್ಲಿ ನನ್ನ ಉಚಿತ ವರ್ಷನ್‌ಗೆ ಆ ಎಚ್.265 (ವೀಡಿಯೊವನ್ನು ಚಿಕ್ಕದಾಗಿ ಅಡಕಿಸುವ ಒಂದು ವಿಧಾನ) ಫೈಲ್ ಹಾಕಿದರೆ ಆಡಿಯೊ ಮಾತ್ರ, ಚಿತ್ರ ಇಲ್ಲ. ಸ್ಟುಡಿಯೊ ಅದನ್ನು ನೇರವಾಗಿ ತೆರೆಯುತ್ತದೆ. ಸ್ಟುಡಿಯೊ ತಗೊಳ್ಳುವ ಮುಂಚೆ ಶಟರ್ ಎನ್‌ಕೋಡರ್‌ನಲ್ಲಿ ಅದನ್ನು ಡಿಎನ್‌ಎಕ್ಸ್‌ಎಚ್‌ಆರ್ ಅನ್ನುವ, ಎಡಿಟಿಂಗ್‌ಗೆ ಹಗುರವಾದ ಫೈಲ್ ಬಗೆಗೆ ಬದಲಾಯಿಸಿ ಕೆಲಸ ಮಾಡುತ್ತಿದ್ದೆ. ಆ ಸಾಫ್ಟ್‌ವೇರ್ ಉಚಿತ, ಒಳ್ಳೆಯದೂ ಹೌದು. ಆದರೆ ಸೆಕೆಂಡಿಗೆ 100 ಮೆಗಾಬಿಟ್‌ನ ಮೂಲ ಫೈಲೇ ಗಂಟೆಗೆ 45 ಜಿಬಿ. ಬದಲಾಯಿಸಿದರೆ ಅದು ಹಲವು ಪಟ್ಟು ಆಗುತ್ತದೆ. ಹಾರ್ಡ್‌ಡಿಸ್ಕ್ ಖರ್ಚು, ಕಾಯುವ ರಾತ್ರಿಗಳು ಎಲ್ಲ ಸೇರಿಸಿದರೆ ಉಚಿತ ಅನ್ನುವುದು ಉಚಿತವಾಗಿ ಉಳಿಯಲಿಲ್ಲ. ಇಲ್ಲಿ ಪ್ರೊಸೆಸರ್ ಕೂಡ ನೋಡಿಕೊಳ್ಳಬೇಕು. ಎಚ್.265ರ 4:2:2 ಫೈಲ್ ಸರಾಗವಾಗಿ ಓಡಲು ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳ ಒಳಗಿರುವ ಗ್ರಾಫಿಕ್ಸ್ ನೆರವಾಗುತ್ತದೆ. ಎನ್‌ವಿಡಿಯಾದಲ್ಲಿ ಅದು ಬಂದದ್ದು 50 ಸರಣಿಯ ಕಾರ್ಡ್‌ಗಳಿಂದ.

ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಕೂಡ ಯೋಚಿಸಿದ್ದೆ. ಅಡೋಬಿ 2013ರಿಂದ ಆ ದಾರಿ ಹಿಡಿದಿದೆ. ನಮಗೆ ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಆದಾಯ ಇಲ್ಲದ ತಿಂಗಳಲ್ಲೂ ಬಾಡಿಗೆ ಕಟ್ಟುವುದು ನನಗೆ ಒಗ್ಗಲಿಲ್ಲ. ರಿಸಾಲ್ವ್ ಸ್ಟುಡಿಯೊ ಒಂದೇ ಸಲ ಕೊಳ್ಳುವುದು, ಒಂದು ಲೈಸೆನ್ಸ್ ಕೀ ಎರಡು ಕಂಪ್ಯೂಟರ್‌ಗೆ ಆಗುತ್ತದೆ.

ಸ್ಟುಡಿಯೊ ತಗೊಳ್ಳುವುದು ಬೇರೆ, ಹೊಸ ನಂಬರಿನ ವರ್ಷನ್‌ಗೆ ಹೋಗುವುದು ಬೇರೆ. ಎರಡನೆಯದಕ್ಕೆ ನಾನು ಆತುರ ಪಡುವುದಿಲ್ಲ. ಎಲ್ಲ ಪ್ರಾಜೆಕ್ಟ್‌ಗಳೂ ಇರುವ ಪ್ರಾಜೆಕ್ಟ್ ಲೈಬ್ರರಿ ಒಮ್ಮೆ ಹೊಸದಕ್ಕೆ ಬದಲಾದರೆ ಹಳೆಯ ವರ್ಷನ್‌ನಲ್ಲಿ ಮತ್ತೆ ತೆರೆಯುವುದಿಲ್ಲ. ಚಿಕ್ಕಮಗಳೂರಿನ ಗೆಳೆಯನೊಬ್ಬನ ಜೊತೆ ಪ್ರಾಜೆಕ್ಟ್ ಹಂಚಿಕೊಳ್ಳುತ್ತೇನೆ. "ಅಣ್ಣಾ, ಸೀಸನ್ ಮುಗಿಯೋವರೆಗೆ ಅಪ್‌ಡೇಟ್ ಮಾಡ್ಬೇಡಿ, ನೀವು ಕಳಿಸಿದ್ದು ನನ್ನ ಸಿಸ್ಟಮ್‌ನಲ್ಲಿ ಓಪನ್ ಆಗಲ್ಲ" ಅಂತ ಅವನೇ ಹೇಳುತ್ತಾನೆ. ಅವನ ಮಾತು ಸರಿ.

ಹಾಗಾಗಿ ಆ ಕೆಲಸ ಆಷಾಢಕ್ಕೆ. ಮೊದಲು ಲೈಬ್ರರಿಯ ಬ್ಯಾಕಪ್ ಬೇರೆ ಡಿಸ್ಕಿಗೆ. ಲ್ಯಾಪ್‌ಟಾಪ್‌ನಲ್ಲಿ ಹೊಸದನ್ನು ಹಾಕಿ, ಮುಗಿದ ಒಂದು ಮದುವೆಯ ಪ್ರಾಜೆಕ್ಟ್ ತೆರೆದು ಪೂರ್ತಿ ಎಕ್ಸ್‌ಪೋರ್ಟ್ ಕೊಡುತ್ತೇನೆ. ಆಮೇಲೆ ಕನ್ನಡ ಟೈಟಲ್: ಲಕ್ಷ್ಮೀ, ಕೃಷ್ಣಮೂರ್ತಿ, ಸುಬ್ರಹ್ಮಣ್ಯ ಅಂತ ಯೂನಿಕೋಡ್‌ನಲ್ಲಿ ಬರೆದು ಒತ್ತಕ್ಷರ, ಅರ್ಕಾವತ್ತು ಸರಿ ಕೂತಿವೆಯಾ ನೋಡುತ್ತೇನೆ. ಬಿಡಿಬಿಡಿಯಾಗಿ ಒಡೆದರೆ ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ಟೈಮ್‌ಲೈನ್‌ಗೆ ಇಡುತ್ತೇನೆ. ಇಷ್ಟೂ ಸರಿಹೋದರೆ ಶ್ರಾವಣದ ಮೊದಲ ಮದುವೆಗೆ ಮುಂಚೆ ಗೆಳೆಯನೂ ನಾನೂ ಒಂದೇ ದಿನ ಅಪ್‌ಡೇಟ್ ಮಾಡುತ್ತೇವೆ.